ದನ ಕಾದು ಸತ್ತವನಿಗೆ ಕಲ್ಲುಂಟು: ಕೆಜಿಎಫ್ ರಸ್ತೆಬದಿಯ ಫಲಕಗಳ ಬಗ್ಗೆ ಒಂದು ಬಹಿರಂಗ ಪತ್ರ

ಕೋಲಾರದ ಮಾನ್ಯ ಜಿಲ್ಲಾಧಿಕಾರಿಗಳಿಗೆ. ಪ್ರವಾಸೋದ್ಯಮ, ಪುರಾತತ್ತ್ವ, ಲೋಕೋಪಯೋಗಿ ಇಲಾಖೆಗಳ ಅಧಿಕಾರಿಗಳಿಗೆ. ಬಂಗಾರಪೇಟೆಯಿಂದ ಕೆಜಿಎಫ್‌ಗೆ, ಅಂದರೆ ಕೋಲಾರದ ಚಿನ್ನದ ಗಣಿಗಳ ಊರಿಗೆ, ಹೋಗುವ ರಸ್ತೆಯಲ್ಲಿ ಕಾರಿನ ಗಾಜು ಇಳಿಸದೆ ಸಾಗುವ ಎಲ್ಲರಿಗೂ,

ನಮಸ್ಕಾರ.

ಕಳೆದ ಸಂಕ್ರಾಂತಿಯ ರಜೆಯಲ್ಲಿ ಸೈನೈಡ್ ಗುಡ್ಡದ ಬುಡದಲ್ಲಿ ಬೆಂಗಳೂರಿನ ಒಂದು ಕುಟುಂಬ ನನ್ನನ್ನು ತಡೆದು, "ಮೇಡಂ, ಸಿನಿಮಾ ಸೆಟ್ ಹಾಕಿದ್ದು ಎಲ್ಲಿ?" ಎಂದು ಕೇಳಿತು. ಕೈ ತೋರಿಸಿದೆ. ಅವರು ಫೋಟೊ ತೆಗೆಸಿಕೊಂಡರು. ಜೊತೆಯಲ್ಲಿದ್ದ ಎಂಟೊಂಬತ್ತು ವರ್ಷದ ಹುಡುಗಿ ಮಾತ್ರ ನೆಲವನ್ನು ಚಪ್ಪಲಿಯಿಂದ ಕೆದಕುತ್ತಾ, "ಆಂಟಿ, ಈ ಬೆಟ್ಟದಲ್ಲಿ ಒಂದು ಕಲ್ಲೂ ಇಲ್ಲವಲ್ಲ, ಏಕೆ?" ಎಂದಳು. ಮೂವತ್ತೊಂದು ವರ್ಷ ಬಂಗಾರಪೇಟೆ ಸುತ್ತಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವಳ ತಂದೆ ಹಾರನ್ ಒತ್ತಿದರು. ಉತ್ತರ ನನ್ನ ಬಳಿಯೇ ಉಳಿಯಿತು.

ಆ ಉತ್ತರ ರಸ್ತೆಯ ಬದಿಯಲ್ಲಿ ನಿಂತಿರಬೇಕಾಗಿತ್ತು ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ, ಅಲ್ಲಿಂದ ಬೇತಮಂಗಲಕ್ಕೆ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಊರಿಗೆ ಎಷ್ಟು ಕಿಲೋಮೀಟರು, ಮುಂದೆ ತಿರುವಿದೆ, ವೇಗ ಕಡಿಮೆ ಮಾಡಿ, ಇಂಥವರ ಹುಟ್ಟುಹಬ್ಬಕ್ಕೆ ಶುಭಾಶಯ ಎಂಬ ಫಲಕಗಳನ್ನು ಓದಿದ್ದೇನೆ. ಈ ನೆಲದ ಕೆಳಗೆ ಏನು ನಡೆಯಿತು, ಯಾರು ಇಳಿದರು, ಯಾರು ಮೇಲೆ ಬರಲಿಲ್ಲ ಎಂದು ನಿಂತು ಓದುವಂತಹ ಒಂದು ಫಲಕ ಈ ದಾರಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಈಗ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕೂಡ ಬೇತಮಂಗಲದ ಹತ್ತಿರವೇ ಹಾಯುತ್ತದೆ. ಜನ ಇನ್ನೂ ವೇಗವಾಗಿ, ಇನ್ನೂ ಏನೂ ತಿಳಿಯದೆ ದಾಟಿಹೋಗುತ್ತಾರೆ.

ಫಲಕ ಎಂಬುದು ಪರದೇಶದಿಂದ ಬಂದ ಆಲೋಚನೆ ಎಂದು ಭಾವಿಸಬೇಡಿ. ದಾರಿಯ ಬದಿಯಲ್ಲಿ ಕಲ್ಲು ನೆಟ್ಟು ಚರಿತ್ರೆ ಹೇಳುವುದರಲ್ಲಿ ನಮ್ಮ ಜಿಲ್ಲೆಯನ್ನು ಮೀರಿಸುವವರು ಕಡಿಮೆ. ಗಂಗರ, ಬಾಣರ, ನೊಳಂಬರ ಕಾಲದ ವೀರಗಲ್ಲುಗಳು ಕೋಲಾರದ ಕೆರೆ ಏರಿಗಳಲ್ಲಿ, ಹೊಲದ ಬದುಗಳಲ್ಲಿ, ಊರ ಬಾಗಿಲುಗಳಲ್ಲಿ ಇವತ್ತಿಗೂ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಪಕ್ಕದಲ್ಲಿ ನಾಲ್ಕು ಸಾಲು: ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಇಂಥವನ ಮಗ ಇಂಥವನು ಅಡ್ಡ ನಿಂತು, ದನಗಳನ್ನು ಬಿಡಿಸಿ ಸತ್ತನು, ಅವನ ಮನೆಯವರಿಗೆ ಇಷ್ಟು ಗದ್ದೆ ಬಿಟ್ಟೆವು. ಆ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ರಾಜನ ಹೆಸರೂ ಇರುತ್ತದೆ, ಆದರೆ ಅದು ಕಾಲ ತಿಳಿಸಲು ಮಾತ್ರ. ಕಲ್ಲು ನಿಂತಿರುವುದು ದನ ಕಾದವನಿಗಾಗಿ.

ಇಂತಹ ಶಾಸನಗಳನ್ನು ಊರೂರು ಅಲೆದು ಓದಿಸಿ, ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ಪ್ರಕಟಿಸಿದ್ದು 1905ರಲ್ಲಿ. ಅದೇ ವರ್ಷಗಳಲ್ಲಿ ಇದೇ ಜಿಲ್ಲೆಯ ಮೂಲೆಯೊಂದರಲ್ಲಿ ಸುಮಾರು ಮೂವತ್ತು ಸಾವಿರ ಜನ ಗಣಿ ಕೆಲಸದಲ್ಲಿದ್ದರು. ಸಾವಿರ ವರ್ಷದ ಹಿಂದೆ ಎಮ್ಮೆ ಬಿಡಿಸಲು ಹೋಗಿ ಸತ್ತವನ ಹೆಸರು, ಅವನ ಅಪ್ಪನ ಹೆಸರು ನಮಗೆ ಗೊತ್ತಿದೆ. ನೂರಿಪ್ಪತ್ತು ವರ್ಷದ ಹಿಂದೆ ಬಂಡೆ ಕುಸಿದು ಸತ್ತವನಿಗೆ ಸಿಕ್ಕದ್ದು ಹಾಜರಿಯ ಒಂದು ಬಿಲ್ಲೆ, ಬಿಲ್ಲೆಯ ಮೇಲೊಂದು ಸಂಖ್ಯೆ. ನನ್ನ ಮಾವ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಪಾಳಿ ಮುಗಿದ ಮೇಲೆ ಮೊಳೆಗೆ ವಾಪಸು ಬಾರದ ಬಿಲ್ಲೆಗಳನ್ನು ಎಣಿಸುವುದು ಅವರ ಕೆಲಸದ ಒಂದು ಭಾಗ. ನಿವೃತ್ತರಾದ ಮೇಲೂ ಅವರಿಗೆ ಕೆಲವು ಸಂಖ್ಯೆಗಳು ನೆನಪಿದ್ದವು, ಹೆಸರುಗಳು ನೆನಪಿರಲಿಲ್ಲ. ಅದನ್ನು ಹೇಳುವಾಗ ಅವರು ನಮ್ಮ ಮುಖ ನೋಡುತ್ತಿರಲಿಲ್ಲ.

ಫಲಕ ಹಾಕುವ ಮಾತು ಮುಂದೆ ಎಂದಾದರೂ ಬಂದರೆ ಏನಾಗುತ್ತದೆ ಎಂದು ನನಗೆ ಅಂದಾಜಿದೆ, ಅದಕ್ಕೇ ಈಗಲೇ ಜಗಳ ತೆಗೆಯುತ್ತಿದ್ದೇನೆ. ಮೊದಲ ಸಾಲು ಹೀಗಿರುತ್ತದೆ: "ಕೋಲಾರದ ಚಿನ್ನವನ್ನು ಕಂಡುಹಿಡಿದವರು ಮೈಕೆಲ್ ಲವೆಲ್." ದಯವಿಟ್ಟು ಈ ಸಾಲನ್ನು ಬರೆಯಬೇಡಿ.

ಲವೆಲ್ ಐರ್ಲೆಂಡಿನವರು, ನ್ಯೂಜಿಲೆಂಡಿನ ಯುದ್ಧಗಳಲ್ಲಿ ಸೈನಿಕರಾಗಿದ್ದು ಆಮೇಲೆ ಬೆಂಗಳೂರು ದಂಡಿನಲ್ಲಿ ನೆಲೆಸಿದವರು. 1871ರಲ್ಲಿ ಒಂದು ಹಳೆಯ ವರದಿ ಓದಿ ಎತ್ತಿನ ಗಾಡಿ ಹತ್ತಿ ಕೋಲಾರದ ಕಡೆಗೆ ಬಂದರು, ಅಗೆಯಲು ಅಪ್ಪಣೆ ಕೇಳಿದರು, 1875ರಲ್ಲಿ ಗುತ್ತಿಗೆ ಪಡೆದರು. ಛಲವಂತ, ಸಂದೇಹವಿಲ್ಲ. ಆದರೆ ಅವರು ಓದಿದ ಆ ಹಳೆಯ ವರದಿ ಯಾರದು? ಟಿಪ್ಪು ಮಡಿದ ಮೇಲೆ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಅವರದು, 1802ರ ಮಾತು. ವಾರನ್ ಅವರಿಗಾದರೂ ಚಿನ್ನ ಎಲ್ಲಿ ಸಿಕ್ಕಿತು? ತೋರಿಸಿದವರಿಗೆ ಬಹುಮಾನ ಎಂದು ಸಾರಿದಾಗ, ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು, ಅವರ ಕಣ್ಣೆದುರೇ ತೊಳೆದು, ಚಿನ್ನದ ಕಣ ತೆಗೆದು ತೋರಿಸಿದರು. ಐವತ್ತಾರು ಕಿಲೋ ಮಣ್ಣಿಗೆ ಒಂದು ಗುಲಗಂಜಿಗಿಂತಲೂ ಕಡಿಮೆ ಚಿನ್ನ. ಮಾರಿಕುಪ್ಪಂ ಕಡೆಯ ಜನಕ್ಕೆ ಅದು ಸಂಶೋಧನೆಯಾಗಿರಲಿಲ್ಲ, ಕಸುಬಾಗಿತ್ತು. ಅವರಿಗೂ ಹಿಂದೆ ಯಾರೋ ಅಗೆದು ಬಿಟ್ಟುಹೋದ ಹಳೆಯ ಗುಂಡಿಗಳು ಅಲ್ಲಿದ್ದವು. ಕಂಪನಿಯವರು ತಮ್ಮ ಶಾಫ್ಟ್‌ಗಳನ್ನು, ಅಂದರೆ ಗಣಿಗೆ ಇಳಿಯುವ ಬಾವಿಗಳನ್ನು, ಎಲ್ಲಿ ಇಳಿಸಬೇಕೆಂದು ಹುಡುಕುವಾಗ ಆ ಗುಂಡಿಗಳೇ ದಾರಿ ತೋರಿಸಿದವು.

ಆದ್ದರಿಂದ ಮಾರಿಕುಪ್ಪಂ ರೈಲು ನಿಲ್ದಾಣದ ಹೊರಗೆ ನಿಲ್ಲಬೇಕಾದ ಕಲ್ಲಿಗೆ ನನ್ನ ಕರಡು ಇದು:

"ಈ ಊರಿನವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಬಲ್ಲವರಾಗಿದ್ದರು. 1802ರಲ್ಲಿ ಜಾನ್ ವಾರನ್ ಅವರಿಗೆ ಅದನ್ನು ತೋರಿಸಿಕೊಟ್ಟರು. ವಾರನ್ ಬರೆದುಕೊಂಡರು. ತೋರಿಸಿದವರ ಹೆಸರು ಬರೆದುಕೊಳ್ಳಲಿಲ್ಲ. 1875ರಲ್ಲಿ ಮೈಕೆಲ್ ಲವೆಲ್ ಗಣಿಗಾರಿಕೆಯ ಗುತ್ತಿಗೆ ಪಡೆದರು."

"ಪಡೆದರು" ಎಂಬ ಕ್ರಿಯಾಪದವನ್ನು ನಾನು ಬೇಕೆಂದೇ ಹಾಕಿದ್ದೇನೆ. ಲವೆಲ್ ಅವರಿಗೆ ಅನ್ಯಾಯವಾಯಿತು ಎನ್ನುವವರು ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಗೆ ಹೋಗಿ ಕಾಫಿ ಕುಡಿದು ಬರಬಹುದು. ಅಲ್ಲಿನ ಒಂದು ಚದರ ಅಡಿಯ ಬೆಲೆಯೂ ಚಿನ್ನದ ಲೆಕ್ಕದಲ್ಲೇ ಇದೆ.

ಹಾಗೆ ನೋಡಿದರೆ ಈ ಸೀಮೆಯಲ್ಲಿ ದೊರೆಗಳ ಹೆಸರಿಗೆ ಬರವೇ ಇಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಶಾಫ್ಟ್‌ಗಳಿಗೆ ಗಿಫರ್ಡ್, ಹೀತ್‌ಕೋಟ್. ಬಂಗಾರಪೇಟೆಯೂ ಒಂದು ಕಾಲಕ್ಕೆ ಕಮಿಷನರ್ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆ. ಜನರ ನಾಲಿಗೆ ಅದನ್ನು ಹೇಗೆ ತಿರುಗಿಸಿತೋ, ಒಳ್ಳೆಯದನ್ನೇ ಮಾಡಿತು.

1880ರಲ್ಲಿ ಬ್ರಿಟಿಷ್ ಗಣಿ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲಿನ ಕಥೆಯನ್ನು ಇಲಾಖೆಯ ಕೈಪಿಡಿಗಳು ಹೇಗೂ ಹೇಳುತ್ತವೆ: ಕಂಪನಿಯ ಕಾಲ, 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, 2001ರಲ್ಲಿ ಬೀಗ. ಒಟ್ಟು ಎಂಟುನೂರು ಟನ್‌ಗೂ ಮೀರಿದ ಚಿನ್ನ. ಇವೆಲ್ಲ ಇರಲಿ, ಒಂದು ಫಲಕದಲ್ಲಿ ಮುಗಿಯುತ್ತದೆ.

ವಿದ್ಯುತ್ತಿನ ಕಥೆಗೆ ಮಾತ್ರ ಬೇರೆ ಕಲ್ಲೇ ಬೇಕು, ಏಕೆಂದರೆ ಅದನ್ನು ಹೇಳಿದಾಗಲೆಲ್ಲ ನನ್ನ ವಿದ್ಯಾರ್ಥಿಗಳ ಬೆನ್ನು ನೆಟ್ಟಗಾಗುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ಕೈಗೆತ್ತಿಕೊಂಡು, 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು ನೂರೈವತ್ತು ಕಿಲೋಮೀಟರು ತಂತಿ ಎಳೆದು ಗಣಿಗೆ ಕರೆಂಟು ತಂದರು. ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೂರು ವರ್ಷ ನಾವು ಮುಂದಿದ್ದೆವು! ಕಲ್ಲಿನ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಕರೆಂಟು ಬಂದದ್ದು ಗಣಿಯ ಯಂತ್ರಗಳಿಗೆ ಮತ್ತು ಬಂಗಲೆಗಳಿಗೆ, ಕೂಲಿ ಲೈನಿನ ತಟ್ಟಿಗೋಡೆಯ ಮನೆಗಳು ಬಹುಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಉಳಿದವು.

ಇನ್ನು ನೆಲದ ಕೆಳಗಿನ ವಿಷಯ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ನಂದಿಬೆಟ್ಟವನ್ನು ತಲೆಕೆಳಗು ಮಾಡಿ, ಸಮುದ್ರಮಟ್ಟದಿಂದ ಅದಕ್ಕಿರುವ ಎತ್ತರವನ್ನೆಲ್ಲ ಒಳಗಿಳಿಸಿದರೂ ಅರ್ಧದಾರಿಯೂ ಆಗುವುದಿಲ್ಲ. ಅಲ್ಲಿ ಬಂಡೆಯ ಶಾಖ ಅರವತ್ತು ಡಿಗ್ರಿ ಮೀರುತ್ತಿತ್ತು. ಕೆಲಸ ಸಾಗಲೆಂದು ಗಾಳಿಯನ್ನು ತಣ್ಣಗೆ ಮಾಡಿ ಕಳುಹಿಸಬೇಕಾಗಿತ್ತು. ಅಷ್ಟು ಆಳದಲ್ಲಿ ಅದುರು ತೆಗೆದು ಜಾಗ ಖಾಲಿಯಾದಾಗ ಸುತ್ತಲಿನ ಬಂಡೆ ಒತ್ತಡ ತಾಳದೆ ಸಿಡಿಯುತ್ತದೆ. ಎಂಜಿನಿಯರುಗಳು ಅದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ, ಹಳಬರ ಬಾಯಲ್ಲಿ ಅದು ಏರ್ ಬ್ಲಾಸ್ಟ್. ನೆಲ ನಡುಗಿ ಅಡುಗೆಮನೆಯ ಅಡ್ಡಣಿಗೆಯ ಮೇಲಿನ ತಟ್ಟೆಗಳು ಸದ್ದು ಮಾಡಿದರೆ ನನ್ನ ಅತ್ತೆ ಮುದ್ದೆ ತೊಳಸುವ ಕೋಲನ್ನು ಹಾಗೇ ಹಿಡಿದು ನಿಲ್ಲುತ್ತಿದ್ದರು. ಮಾವ ಕೆಳಗಿಳಿಯುವವರಲ್ಲ, ಆಫೀಸಿನಲ್ಲಿ ಕೂರುವವರು. ಆದರೂ ಅತ್ತೆ ನಿಲ್ಲುತ್ತಿದ್ದರು. ಲೈನಿನ ಹೆಂಗಸರು ಸೆರಗು ಕಟ್ಟಿಕೊಂಡು ಶಾಫ್ಟಿನ ಕಡೆಗೆ ಓಡುವ ಸದ್ದು ಕೇಳುತ್ತಿತ್ತಂತೆ. ಇನ್ನು ಬಂಡೆ ಸಿಡಿಯದೆಯೂ ಸತ್ತವರುಂಟು: ಸ್ಫಟಿಕಶಿಲೆಯ ದೂಳು ವರ್ಷಗಟ್ಟಲೆ ಎದೆಗಿಳಿದು, ಸಿಲಿಕೋಸಿಸ್ ಹಿಡಿದು, ಕೆಮ್ಮಿ ಕೆಮ್ಮಿ ಮನೆಯ ಜಗುಲಿಯ ಮೇಲೆ ಮುಗಿದವರು. ಅವರ ಸಾವು ಗಣಿಯ ಅಪಘಾತದ ಲೆಕ್ಕಕ್ಕೆ ಬರಲಿಲ್ಲ.

ಇವರು ಯಾರು ಎಂಬುದನ್ನೂ ಕಲ್ಲು ಮುಚ್ಚಿಡಬಾರದು. ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ, ತಮಿಳು ಮತ್ತು ತೆಲುಗು ಮಾತನಾಡುವ ದಲಿತರು. ಊರಿನಲ್ಲಿ ಜೀತ, ಬರ, ಕೆರೆಯ ನೀರು ಮುಟ್ಟಬಾರದೆಂಬ ಕಟ್ಟಳೆ. ಇಲ್ಲಿ ಸಾವಿನ ಜೊತೆಗೆ ಕೈಗೆ ನಗದು ಕೂಲಿ. ಎರಡನ್ನೂ ತೂಗಿ ನೋಡಿಯೇ ಬಂದರು. ಅವರನ್ನು ಬರೀ ಬಲಿಪಶುಗಳೆಂದು ಬರೆಯಬೇಡಿ, ಅದು ಇನ್ನೊಂದು ಬಗೆಯ ಅವಮಾನ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ತಮಿಳು ದಲಿತ ಚಿಂತಕ ಅಯೋತ್ತಿದಾಸ ಪಂಡಿತರ ಚಳವಳಿಯ ಬೌದ್ಧ ಸಂಘಗಳಿದ್ದವು. ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸುವುದಕ್ಕೆ ಐವತ್ತು ವರ್ಷ ಮೊದಲಿನ ಮಾತು ಇದು. ಪಾಳಿ ಮುಗಿಸಿ ಬಂದವರು ಬುದ್ಧನ ಬಗ್ಗೆ ಉಪನ್ಯಾಸ ಕೇಳಲು ಕೂರುತ್ತಿದ್ದ ಊರು ನಮ್ಮದು. ಇದನ್ನು ಪಠ್ಯಪುಸ್ತಕದಲ್ಲಿ ನಾನು ಓದಲಿಲ್ಲ, ಹಾಗಾಗಿ ಮೊದಲ ಹತ್ತು ವರ್ಷ ಮಕ್ಕಳಿಗೂ ಹೇಳಲಿಲ್ಲ.

1930ರಲ್ಲಿ ಕಂಪನಿಗಳು ಪ್ರತಿ ಕಾರ್ಮಿಕನ ಬೆರಳಚ್ಚು ತೆಗೆದು ನೋಂದಾಯಿಸುತ್ತೇವೆ ಎಂದಾಗ, ನಾವೇನು ಕಳ್ಳರೇ ಎಂದು ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತು. ಮೂರು ವಾರ. 1946ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಈ ಎರಡು ವರ್ಷಗಳ ಹೆಸರೆತ್ತಿದರೆ ಆಂಡರ್‌ಸನ್‌ಪೇಟೆಯ ಹಿರಿಯರಿಗೆ ಇಂದಿಗೂ ಧ್ವನಿ ಬದಲಾಗುತ್ತದೆ. ಅವರು ನೆನಪಿಟ್ಟುಕೊಂಡಿರುವುದಕ್ಕೆ ಸರ್ಕಾರದ ಮುದ್ರೆಯ ಒಂದು ಕಲ್ಲು ಜೊತೆಯಾದರೆ ಯಾರ ಗಂಟೂ ಹೋಗುವುದಿಲ್ಲ. ಬೆರಳಚ್ಚು ಬೇಕೆಂದು ಹಟ ಹಿಡಿದವರಿಗೆ ಹೆಸರು ಬೇಕಾಗಿರಲಿಲ್ಲ, ನಮಗೆ ಬೇಕು. ಹಳೆಯ ಗಣಿ ಇನ್‌ಸ್ಪೆಕ್ಟರುಗಳ ವರದಿಗಳು, ಆಸ್ಪತ್ರೆಯ ದಾಖಲೆಗಳು, ಚರ್ಚುಗಳ ಸಮಾಧಿ ಪುಸ್ತಕಗಳು, ಕಾರ್ಮಿಕ ಸಂಘಗಳ ಕಡತಗಳು, ಇವುಗಳಲ್ಲಿ ಉಳಿದದ್ದು ಎಷ್ಟೋ ಅಷ್ಟನ್ನು ಒಂದು ಕಡೆ ಸೇರಿಸಿ ಹೆಸರುಗಳ ಪಟ್ಟಿ ಮಾಡಿಸಿ. ಸಿಕ್ಕವರ ಹೆಸರನ್ನು ಒಂದು ಶಾಫ್ಟಿನ ಮುಂದೆ ಕೊರೆಸಿ, ಸಿಗದವರಿಗೆ ಕೆಳಗೆ ಜಾಗ ಬಿಡಿ. ಆ ಜಾಗ ದೊಡ್ಡದಾಗಿರಲಿ.

ಇಲ್ಲೊಂದು ತಮಾಷೆಯಿದೆ, ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಪೆದ್ದಪಲ್ಲಿಯ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಗೌರವವಿದೆ. ಕೋಟ್ಯಂತರ ವರ್ಷಗಳ ಹಿಂದಿನ ಜ್ವಾಲಾಮುಖಿಯ ಗುರುತು, ಗೌರವಕ್ಕೆ ತಕ್ಕದ್ದೇ. ಬಂಡೆಗೆ ಸ್ಮಾರಕವಾಯಿತು, ಬಂಡೆ ಒಡೆದವನ ಸರದಿ ಇನ್ನೂ ಬಂದಿಲ್ಲ. ಇನ್ನು ಸಮುದ್ರದಾಚೆ, ಇಲ್ಲಿಗೆ ಮೇಸ್ತ್ರಿಗಳಾಗಿ, ಗಣಿ ಕ್ಯಾಪ್ಟನ್‌ಗಳಾಗಿ ಬಂದವರ ತವರು ಇಂಗ್ಲೆಂಡಿನ ಕಾರ್ನ್‌ವಾಲ್. ಅಲ್ಲಿನ ತಾಮ್ರ, ತವರದ ಗಣಿಗಳು ಮುಚ್ಚಿದ ಮೇಲೆ ಉಳಿದ ಎಂಜಿನ್ ಮನೆಗಳನ್ನೂ ಹೊಗೆಗೂಡುಗಳನ್ನೂ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಾಫ್ಟುಗಳ ಮೇಲಿನ ಕಬ್ಬಿಣದ ಗೋಪುರಗಳು, ನಮ್ಮ ಹೆಡ್‌ಗೇರುಗಳು, ತುಕ್ಕು ಹಿಡಿಯುತ್ತಾ ನಿಂತಿವೆ.

ಚಾಂಪಿಯನ್ ರೀಫ್‌ನಲ್ಲಿ ಇನ್ನೊಂದು ಸಣ್ಣ ಕಲ್ಲು, ವಿಜ್ಞಾನದ ಮೇಷ್ಟ್ರುಗಳ ಸಂತೋಷಕ್ಕೆ: 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ ಸಿಟಿ, ಡರಂ ವಿಶ್ವವಿದ್ಯಾಲಯಗಳ ಜೊತೆಗೂಡಿ ಇಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳನ್ನು ಹಿಡಿದರು. ಅವರ ಉಪಕರಣಗಳನ್ನು ಹೊತ್ತು ಇಳಿಸಿದವರು ಗಣಿಯ ಕಾರ್ಮಿಕರು ಎಂಬ ಸಾಲು ಆ ಕಲ್ಲಿನಲ್ಲೂ ಇರಲಿ.

ತುರ್ತು ಯಾವುದಕ್ಕೆ ಎಂದು ಕೇಳಿದರೆ, ಆ ಪುಟ್ಟ ಹುಡುಗಿ ಕೆದಕಿದ ಗುಡ್ಡಕ್ಕೆ. 2024ರ ಜೂನ್‌ನಲ್ಲಿ ಇಂತಹ ಹದಿಮೂರು ಟೈಲಿಂಗ್ಸ್ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ) ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ಶುರುವಾದರೆ ಗುಡ್ಡಗಳು ಈಗಿನಂತೆ ಉಳಿಯುವುದಿಲ್ಲ. ಉಳಿಯಲೇಬೇಕೆಂದು ನಾನು ಹೇಳುತ್ತಿಲ್ಲ. ಗಾಳಿಗಾಲದಲ್ಲಿ ಆ ದೂಳು ತಿಂದವರಿಗೆ ಅದರ ಮೇಲೆ ಪ್ರೀತಿಯೇನೂ ಇಲ್ಲ. ಆದರೆ ಅದು ಹೋಗುವ ಮೊದಲು ಏನೆಂದು ಬರೆದಿಡಿ. ಮಗುವಿನ ಪ್ರಶ್ನೆಗೆ ಉತ್ತರದಂತೆ ನಾನು ಬರೆದದ್ದು ಇದು:

"ಇದು ಬೆಟ್ಟವಲ್ಲ. ನೆಲದಾಳದಿಂದ ಜನ ಒಡೆದು ತಂದ ಬಂಡೆಯನ್ನು ಮಿಲ್ಲಿನಲ್ಲಿ ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಕೆಸರು ಇದು. ಅದಕ್ಕೇ ಇಲ್ಲಿ ಕಲ್ಲಿಲ್ಲ. ಒಂದು ಟನ್ ಬಂಡೆಗೆ ಕೆಲವೇ ಗ್ರಾಂ ಚಿನ್ನ. ಚಿನ್ನ ಹೊರಗೆ ಹೋಯಿತು, ಗುಡ್ಡ ಇಲ್ಲಿ ಉಳಿಯಿತು. ಮಕ್ಕಳು ಇದರ ಮೇಲೆ ಜಾರಬಾರದು."

ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ. ಜಾರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭಾಷೆಯ ಬಗ್ಗೆ ತಕರಾರು ಬರುತ್ತದೆಂದು ಗೊತ್ತು. ಕನ್ನಡ ಮೇಲಿರಲಿ, ಅದರಲ್ಲಿ ಮಾತಿಲ್ಲ. ಕೆಳಗೆ ತಮಿಳೂ ಇರಲಿ, ಏಕೆಂದರೆ ಕಲ್ಲು ಯಾರ ಅಜ್ಜನ ಬಗ್ಗೆ ಇದೆಯೋ ಅವರ ಮನೆಯವರು ಅದನ್ನು ಓದಬೇಕು. ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿ ಚೋಳರ ಕಾಲದ ತಮಿಳು ಶಾಸನಗಳು ಸಾವಿರ ವರ್ಷದಿಂದ ಇವೆ. ತಾಯಿ ಬೇಸರಪಟ್ಟಂತೆ ಕಾಣುವುದಿಲ್ಲ.

ಈ ವಿಷಯವನ್ನು ಹಿಂದೊಮ್ಮೆ ಒಂದು ಕಚೇರಿಯಲ್ಲಿ ಎತ್ತಿದಾಗ, "ಮೇಡಂ, ಬೋರ್ಡ್ ಹಾಕಿದರೆ ತಿಂಗಳಲ್ಲಿ ಕಿತ್ತು ಗುಜರಿಗೆ ಹಾಕುತ್ತಾರೆ" ಎಂದು ಒಬ್ಬರು ನಕ್ಕರು. ಸುಳ್ಳೇನಲ್ಲ, ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟು ಕಬ್ಬಿಣ ಎಲ್ಲೆಲ್ಲಿಗೆ ಹೋಯಿತು ಎಂದು ಊರಿಗೆ ಗೊತ್ತಿದೆ. ಹಾಗಿದ್ದರೆ ತಗಡು ಬೇಡ, ಕಲ್ಲೇ ಹಾಕಿಸಿ. ಜಿಲ್ಲೆಯಲ್ಲಿ ಗ್ರಾನೈಟಿಗೆ ಕೊರತೆಯಿಲ್ಲ. ಮಗು ನಿಂತು ಓದುವ ಎತ್ತರ, ರಸ್ತೆಯಿಂದ ಎರಡು ಗಾಡಿ ನಿಲ್ಲುವಷ್ಟು ಜಾಗ, ಪಕ್ಕದಲ್ಲೊಂದು ಹೊಂಗೆ ಮರ. ಉದ್ಘಾಟಿಸಿದವರ ಹೆಸರಿನ ಪಟ್ಟಿ ಬೇಕೇಬೇಕು ಎಂದಾದರೆ ಕಲ್ಲಿನ ಹಿಂಬದಿಯಲ್ಲಿ ಹಾಕಿಸಿಕೊಳ್ಳಲಿ.

ಒಂದು ಕೋರಿಕೆ ಉಳಿದಿದೆ. ಒಂದೇ ಊರನ್ನು ಊರಿಗಾಂ, ಉರಿಗಾಂ, ಊರ್ಗಾಂ ಎಂದು ಮೂರು ಬಗೆಯಲ್ಲಿ ಬರೆದಿರುವುದನ್ನು ನೋಡಿದ್ದೇನೆ. ಕಲ್ಲುಕುಟಿಗನ ಕೈಗೆ ಕೊಡುವ ಮುನ್ನ ಕರಡನ್ನು ಯಾರಾದರೂ ಓದಬೇಕು. ಬಂಗಾರಪೇಟೆ ನಿಲ್ದಾಣದಲ್ಲಿ ಬೆಳಗಿನ ಮಾರಿಕುಪ್ಪಂ ಗಾಡಿ ಬರುವ ಹೊತ್ತಿಗೆ ನಾನು ಹೇಗೂ ಎದ್ದಿರುತ್ತೇನೆ, ಕೆಂಪು ಪೆನ್ನೂ ಇದೆ. ಕಳುಹಿಸಿಕೊಡಿ.

ಇತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಬಂಗಾರಪೇಟೆ